ತಿಳಿ

ಮೆರ್ಕಿಸ್ ಹೊಳೆಯಾಚೆ, ಮರಳು ನೆಲದ ಪೈನ್ ಕಾಡಿನ ಅಂಚಿಗೆ
ಲಿಯೂದಾಸ್ ಅಜ್ಜನ ಹದಿನಾಲ್ಕು ಜೇನುಪೆಟ್ಟಿಗೆ.
ತಪಾಸಣೆಗೆ ಬಂದವಳು ನಾನು:
ಸರಕಾರದ ಕೋಟು, ಸ್ವಂತದ ಬೂಟು.

ಆರನೆಯದನ್ನು ತೆರೆದಾಗ
ಲಿಂಡನ್ ಹೂವಿನ ಕಂಪಿನಡಿಯಲ್ಲಿ ಇನ್ನೊಂದು ವಾಸನೆ,
ಬಡಗಿಯ ಮನೆಯಲ್ಲಿ ತಳಹಿಡಿದ ಅಂಟಿನದು.
ಅಜ್ಜ ಮುಖ ತಿರುಗಿಸಿ
"ಬಿಸಿಲು ಜೋರು" ಎಂದ.

ಎರಿಯ ಮೇಲೆ ಮುಚ್ಚಳಗಳು ಕುಳಿಬಿದ್ದಿದ್ದವು,
ಅಲ್ಲಲ್ಲಿ ತೂತು.
ಬೆಂಕಿಕಡ್ಡಿಯ ಬೋಳು ತುದಿ ಅದ್ದಿ ಎತ್ತಿದೆ.
ಬಂತು ಕಂದು ಎಳೆ, ಬೆರಳುದ್ದ.
ಪಾಕ ನೋಡುವವರ ಹಾಗೆ ಇಬ್ಬರೂ ನೋಡಿದೆವು.
ಎಳೆಪಾಕ.
ಮೊನ್ನೆ ಮೊನ್ನೆ ಅದಕ್ಕೆ ಬೆನ್ನಿತ್ತು, ಬಾಯಿತ್ತು, ಹಸಿವಿತ್ತು.

"ಹಾಲಿನಲ್ಲಿ ನೋಡು," ಎಂದ ಅಜ್ಜ,
"ಕಡ್ಡಿ ಸುಳ್ಳಾಡಬಹುದು."

ಗಾಜಿನ ನಳಿಗೆಗೆ ಕೆನೆ ತೆಗೆದ ಹಾಲಿನ ಪುಡಿ, ಚಿಟಿಕೆ. ನೀರು.
ಒಣಗಿ ಗೋಡೆಗಂಟಿದ ಮರಿಹುಳುವಿನ ಒಂದು ಹಕ್ಕಳೆ.
ಮೈಯಷ್ಟು ಬಿಸಿ ಬೇಕು ಇದಕ್ಕೆ,
ನನ್ನ ವ್ಯಾನಿನ ಯಂತ್ರ ಕೆಟ್ಟು ವಾರ.
ಅಜ್ಜ ಕೈ ಚಾಚಿ ಇಸಿದುಕೊಂಡ,
ಕಂಕುಳಿಗಿಟ್ಟು ಕೂತ, ತನಗೇ ಜ್ವರ ನೋಡಿಕೊಳ್ಳುವವನಂತೆ.

ಇಪ್ಪತ್ತು ನಿಮಿಷ. ಸುಮ್ಮನೆ ಕೂರಲಾರದೆ ಹೇಳಿದೆ:
ಹತ್ತೇ ಹತ್ತು ಬೀಜಕಣ ಸಾಕಜ್ಜ, ಒಂದು ದಿನದ ಕೂಸಿಗೆ;
ಬರುವುದು ದಾದಿಯ ಬಾಯಿಂದಲೇ, ತುತ್ತಿನ ಜೊತೆ.
ಕರುಳಿಗೊಂದು ಪರದೆಯಿದೆ, ಈರುಳ್ಳಿಯ ಪೊರೆಗಿಂತ ತೆಳು.
ಬ್ಯಾಕ್ಟೀರಿಯಾಕ್ಕೆ ಹಲ್ಲಿಲ್ಲ, ಉಗುರಿಲ್ಲ,
ಕಿಣ್ವವಿದೆ. ಬಿಡುತ್ತದೆ.
ಕಿಣ್ವ ಹೊಲಿಗೆ ಬಿಚ್ಚುತ್ತದೆ
ಕೋಪವಿಲ್ಲದೆ, ದರ್ಜಿ ಹಳೆಯ ಕೋಟು ಬಿಚ್ಚುವ ಹಾಗೆ.
ಪರದೆಯಾದ ಮೇಲೆ ಮೈ.

"ನೋವಾಗುತ್ತದೆಯೇ?"
ನಾನು ಓದಿದ ಪುಸ್ತಕದಲ್ಲಿ ಆ ಪುಟ ಇರಲಿಲ್ಲ.

ಗುಡಿಸುವ ಹುಳುಗಳು ಸತ್ತದ್ದನ್ನು ಕೆರೆದು ಒಯ್ಯುತ್ತವೆ, ಎಂದೆ,
ಬಾಯ ತುಂಬ ಬೀಜ,
ಅದೇ ಬಾಯಿಂದ ಪಕ್ಕದ ತೊಟ್ಟಿಲಿಗೆ ಉಣಿಸು.
ಅಜ್ಜ ತಲೆಯಾಡಿಸಿದ: "ನನ್ನ ಹೆಂಡತಿಯೂ ಹಾಗೇ,
ಕೂತಲ್ಲಿ ಕೂರದೆ ಗುಡಿಸುತ್ತಿದ್ದಳು."

ಆಮೇಲೆ ತಾನಾಗಿ ಬಾಯಿಬಿಟ್ಟ.
ಮೂರು ಬೇಸಗೆಯ ಹಿಂದೆ ಬ್ರೋನ್ಯುಸನ ಹಿಂಡು ಹಾರಿ ಬಂದು
ಇವನ ಸೇಬಿನ ಮರಕ್ಕೆ ಕೂತಿತಂತೆ.
ಇಲ್ಲಿ ಹಾಗೆ ಕೂತರೆ ಎರಡು ಮನೆ ನೆಂಟರಾಗುತ್ತವೆ,
ಜೇನಿನ ನೆಂಟು. ಜೇನನ್ನು ಮಾರಬಾರದು,
ಹಂಚಿಕೊಳ್ಳಬೇಕು.
"ಹಂಚಿಕೊಂಡೆವು," ಎಂದ.

ನಳಿಗೆ ಹೊರತೆಗೆದ.
ಹಾಲು ಒಡೆದಿರಲಿಲ್ಲ, ಹೆಪ್ಪುಗಟ್ಟಿರಲಿಲ್ಲ.
ತಿಳಿಯಾಗಿತ್ತು.
ಒಣಹುಲ್ಲಿನ ಬಣ್ಣದ ಬೆಳಕು, ಅದರಾಚೆ
ಅವನ ಅಂಗಿಯ ಗುಂಡಿ, ಗುಂಡಿಯ ನಾಲ್ಕು ತೂತು,
ತೂತಿನೊಳಗೆ ಬೇರೆ ಬಣ್ಣದ ದಾರ.
ಹಾಲಿಗೂ ಹಸುಳೆಗೂ ಕಿಣ್ವ ಭೇದ ಮಾಡುವುದಿಲ್ಲ.
ಹಾಲು ತಿಳಿಯಿತು.
ನಮಗೂ.

ಆರು, ಏಳು, ಹನ್ನೊಂದು.
ಸಂಜೆ ಹತ್ತು ಗಂಟೆಗೂ ಬೆಳಕಿತ್ತು;
ಕೊನೆಯ ಹುಳು ಮನೆ ಸೇರುವ ತನಕ ಕಾದೆವು,
ಬಾಗಿಲಿಗೆ ಮಣ್ಣು ಮೆತ್ತಿದೆವು.
ಗುಂಡಿ ತೋಡಲು ಬ್ರೋನ್ಯುಸ್ ತನ್ನದೇ ಸಲಿಕೆ ತಂದಿದ್ದ.
ಅವನನ್ನು ಯಾರೂ ಕರೆದಿರಲಿಲ್ಲ.
ಒಬ್ಬರ ಮುಖ ಒಬ್ಬರು ನೋಡದೆ
ಇಬ್ಬರೂ ಒಂದೇ ಅಳತೆಗೆ ಅಗೆದರು.

ಜೇಬಿನಲ್ಲಿ ಆ ಕಡ್ಡಿ ಇನ್ನೂ ಇತ್ತು,
ಒಂದು ತುದಿಗೆ ಒಣಗಿದ ಎಳೆ,
ಇನ್ನೊಂದರಲ್ಲಿ ಮದ್ದು ಹಾಗೇ.
ಗೀರಿದೆ.

ಮೇಣ ಮೊದಲು ಹತ್ತಿತು.
ಇಗರ್ಜಿಯ ವಾಸನೆ ಬಂತು, ಆಮೇಲೆ ಹಬ್ಬದ್ದು,
ಆಮೇಲೆ ಯಾವುದೆಂದು ಹೇಳಲಾಗದ್ದು.

ಅರ್ಜಿಯಲ್ಲಿ ಒಂದು ಕಾಲಂ: ಸತ್ತ ಪ್ರಾಣಿಗಳ ವಿವರ.
ಬರೆಯಹೊರಟವಳ ಕೈ ಹಿಡಿದ ಅಜ್ಜ.
ನಮ್ಮ ಲಿಥುವೇನಿಯಾದ ಮಾತಿನಲ್ಲಿ
ನಾಯಿ ಸಾಯುತ್ತದೆ, ಹಸು ಸಾಯುತ್ತದೆ,
ಮನುಷ್ಯರು ತೀರಿಕೊಳ್ಳುತ್ತಾರೆ.
ಜೇನೂ ತೀರಿಕೊಳ್ಳುತ್ತದೆ.
ಗೊತ್ತಿತ್ತು ನನಗೆ, ಶಾಲೆಯಲ್ಲಿ ಕಲಿತದ್ದು.

ಅಚ್ಚಾದ ಪದ ಹೊಡೆದುಹಾಕಿ
ಮೇಲೆ ಇಕ್ಕಟ್ಟಿನಲ್ಲಿ ಬರೆದೆ.
ಕಚೇರಿಯಲ್ಲಿ ಅದನ್ನು ತಿರುಗಿ ಕಳಿಸಿದರು,
ಶುದ್ಧ ಪ್ರತಿ ಬೇಕೆಂದು.